ತಟ್ಟೆಯ ಪಾಠಶೋಧನೆ

ವಾಲ್ವುಗಳ ಹಳೆಯ ಪ್ರೀ-ಆಂಪ್ಲಿಫೈಯರಿನ ಮೇಲೆ ರಸಿಕರಿಗೇಕೆ ಇಷ್ಟು ಮೋಹವೆಂದು ಭಾತಂಬ್ರಾದಲ್ಲಿ ನನ್ನನ್ನು ಕೇಳುವವರುಂಟು. ಉತ್ತರ ಚರಿತ್ರೆಯಲ್ಲಿದೆ. ತಟ್ಟೆಯಲ್ಲಿ ಗೆರೆ ಹಿಗ್ಗದಿರಲೆಂದು ಮಂದ್ರವನ್ನು ತಗ್ಗಿಸಿ, ಸರಸರ ಸದ್ದಡಗಲೆಂದು ತಾರವನ್ನು ಏರಿಸಿ ಕೊರೆಯುತ್ತಾರೆ. ಅದನ್ನು ಮರಳಿ ಸಮಗೊಳಿಸುವುದು ಈ ಯಂತ್ರದ ಕೆಲಸ. 1954ರಲ್ಲಿ ಅಮೆರಿಕದ ಆರ್.ಐ.ಎ.ಎ. ಅಳತೆ ಬರುವ ಮುನ್ನ ಕಂಪನಿಗೊಂದು ಕ್ರಮವಿತ್ತು. 78 ಸುತ್ತಿನ ಹಳೆಯ ತಟ್ಟೆಗಳಲ್ಲಿ ತಾರವನ್ನು ಅಷ್ಟಾಗಿ ಏರಿಸಿರಲಿಲ್ಲ. ಆದ್ದರಿಂದಲೇ 1958ರ ಮಾರಂಟ್ಜ್ 7ರಲ್ಲಿ ಅವಕ್ಕೆ ಬೇರೆ ಸ್ಥಾನವಿದೆ.

ಇದು ಬರಿಯ ವಿಲಾಸವಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳಲ್ಲಿರುವುದು ತೆಳುವಾದ ಕಂಠ. ಗಂಟಲ ಚಿಕಿತ್ಸೆಯ ನಂತರದ ಗಂಭೀರ ಕಂಠವಲ್ಲ. ಹೊಸ ಅಳತೆಯಲ್ಲಿ ನುಡಿಸಿದರೆ ತಾರ ಮಸುಕಾಗಿ, ಆ ವ್ಯತ್ಯಾಸವೂ ಮಸುಕಾಗುತ್ತದೆ. ಪಾಠಾಂತರ ನೋಡದೆ ಪಂಪನನ್ನು ಓದದ ನಾವು, ಕಂಠವನ್ನು ಮಾತ್ರ ಹೇಗೆ ಹೇಗೋ ಕೇಳಬಹುದೇ?