ಸಿಎ-125: ಅಂಡಾಶಯದ ಕ್ಯಾನ್ಸರ್ ಹರಡಲು ಈ ಪ್ರೋಟೀನ್ ನೆರವಾಗುವುದು ಹೇಗೆ? ವರದಿಯ ಸಂಖ್ಯೆ ಹೇಳುವುದೇನು?

ಅಂಡಾಶಯದಲ್ಲಿ ಗಡ್ಡೆ ಇರುವುದು ಸ್ಕ್ಯಾನ್‌ನಲ್ಲಿ ಕಂಡರೆ ವೈದ್ಯರು ಸಾಮಾನ್ಯವಾಗಿ ಬರೆಯುವ ರಕ್ತ ಪರೀಕ್ಷೆ ಸಿಎ-125. ವರದಿಯಲ್ಲಿ 35 ಯೂನಿಟ್‌ಗಿಂತ ಹೆಚ್ಚಿನ ಸಂಖ್ಯೆ ಕಂಡರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆದರೆ ಸಿಎ-125 ಕಾಯಿಲೆಯ ಗುರುತು ಮಾತ್ರವಲ್ಲ, ಕಾಯಿಲೆ ಹರಡುವುದರಲ್ಲೂ ಅದರ ಕೈವಾಡವಿದೆ.

1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟುವ ಪ್ರತಿಕಾಯವೊಂದನ್ನು ವರದಿ ಮಾಡಿದರು. ಅದರ ಹೆಸರು ಒಸಿ-125, ಅದು ಹಿಡಿಯುವ ವಸ್ತುವೇ ಸಿಎ-125. ಇದರ ಹಿಂದಿರುವ ಮ್ಯೂಕ್16 ಎಂಬ ಜೀನ್ ಪತ್ತೆಯಾಗಲು 2001ರವರೆಗೆ ಕಾಯಬೇಕಾಯಿತು. ಮ್ಯೂಕ್16 ಲೋಳೆಯ ಗುಂಪಿಗೆ ಸೇರಿದ ಬೃಹತ್ ಪ್ರೋಟೀನ್. ಕಣ್ಣು, ಶ್ವಾಸನಾಳ ಮತ್ತು ಸ್ತ್ರೀ ಜನನಾಂಗದ ಒಳಮೈಯನ್ನು ಜಾರುವಂತೆ ಇಟ್ಟು ಕಾಪಾಡುವುದು ಅದರ ಸಹಜ ಕೆಲಸ.

ಹೊಟ್ಟೆಯೊಳಗೆ ಹರಡುವ ದಾರಿ

ಬಹಳಷ್ಟು ಕ್ಯಾನ್ಸರ್‌ಗಳು ರಕ್ತನಾಳದ ಮೂಲಕ ದೂರ ಸಾಗುತ್ತವೆ. ಅಂಡಾಶಯದ ಕ್ಯಾನ್ಸರ್ ಹೆಚ್ಚಾಗಿ ಹಿಡಿಯುವುದು ಬೇರೆ ದಾರಿ. ಗಡ್ಡೆಯಿಂದ ಕಳಚಿದ ಕೋಶಗಳು ಹೊಟ್ಟೆಯ ದ್ರವದಲ್ಲಿ ತೇಲುತ್ತವೆ. ನೆಲೆ ತಪ್ಪಿದ ಸಾಮಾನ್ಯ ಕೋಶ ಸಾಯುತ್ತದೆ, ಇವು ಮಾತ್ರ ಒಂದಕ್ಕೊಂದು ಅಂಟಿ ಉಂಡೆಗಳಾಗಿ ಬದುಕುತ್ತವೆ. ಮುಂದೆ ಹೊಟ್ಟೆಯ ಒಳಪದರದ ಮೇಲೆ, ಕರುಳಿನ ಮುಂದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರದ ಮೇಲೆ ಕೂರುತ್ತವೆ.

ಇಲ್ಲಿಯೇ ಮ್ಯೂಕ್16 ಬೇಕಾಗುವುದು. ಹೊಟ್ಟೆಯ ಒಳಪದರದ ಕೋಶಗಳ ಮೇಲೆ ಮೀಸೊಥೆಲಿನ್ ಎಂಬ ಇನ್ನೊಂದು ಪ್ರೋಟೀನ್ ಇರುತ್ತದೆ. ಕ್ಯಾನ್ಸರ್ ಕೋಶದ ಮೇಲಿನ ಮ್ಯೂಕ್16 ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಕಳಚಿ ಬಂದ ಕೋಶಕ್ಕೆ ಹೊಸ ಜಾಗದಲ್ಲಿ ಕಾಲೂರಲು ಸಿಗುವ ಕೊಂಡಿ ಇದು. ರೋಗ ನಿರೋಧಕ ವ್ಯವಸ್ಥೆಯ ಎನ್‌ಕೆ ಕೋಶಗಳು ಹತ್ತಿರ ಬಾರದಂತೆ ಇದೇ ಪ್ರೋಟೀನ್ ಗುರಾಣಿಯಾಗಿಯೂ ನಿಲ್ಲುತ್ತದೆ. ಕೋಶಗಳು ಪರಸ್ಪರ ಹಿಡಿತ ಸಡಿಲಿಸಿ ಚಲಿಸಲು ಶುರುಮಾಡುವ ಬದಲಾವಣೆಯಲ್ಲಿ ಅದರ ಪಾತ್ರವೇನು ಎಂಬುದಕ್ಕೆ ಮಾತ್ರ ಪ್ರಯೋಗಾಲಯಗಳಿಂದ ಒಂದೇ ಉತ್ತರ ಬಂದಿಲ್ಲ.

35 ದಾಟಿದರೆ ಕ್ಯಾನ್ಸರ್ ಎಂದೇ?

ಹಾಗೇನಿಲ್ಲ. ಮ್ಯೂಕ್16ನ ಹೊರಭಾಗ ತುಂಡಾಗಿ ರಕ್ತ ಸೇರುತ್ತದೆ, ಪರೀಕ್ಷೆ ಅಳೆಯುವುದು ಅದನ್ನೇ. ತೊಂದರೆ ಏನೆಂದರೆ ಹೊಟ್ಟೆಯ ಒಳಪದರ ಕೆರಳಿದರೂ ಸಿಎ-125 ಏರುತ್ತದೆ. ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಯಕೃತ್ತಿನ ಕಾಯಿಲೆ, ಗರ್ಭಧಾರಣೆ, ಮುಟ್ಟಿನ ದಿನಗಳು, ಇವೆಲ್ಲ ಕಾರಣವಾಗಬಹುದು. ಭಾರತದಲ್ಲಿ ಮರೆಯಬಾರದ ಇನ್ನೊಂದು ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ, ತೂಕ ಇಳಿದು, ಸಿಎ-125 ಕೂಡ ಏರಿ ಅದು ಥೇಟ್ ಅಂಡಾಶಯದ ಕ್ಯಾನ್ಸರ್‌ನಂತೆಯೇ ಕಾಣುತ್ತದೆ. ಅದಕ್ಕೇ ಬಯಾಪ್ಸಿ ಬೇಕು.

ಇದಕ್ಕೆ ವಿರುದ್ಧವಾಗಿ, ಮೊದಲ ಹಂತದ ಕ್ಯಾನ್ಸರ್ ಇರುವ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಸಂಖ್ಯೆ ಏರಿರುವುದೇ ಇಲ್ಲ. ಬ್ರಿಟನ್‌ನಲ್ಲಿ ಋತುಬಂಧ ದಾಟಿದ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನದ 2021ರ ಫಲಿತಾಂಶದ ಪ್ರಕಾರ, ಪ್ರತಿವರ್ಷದ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ಲಕ್ಷಣವೇ ಇಲ್ಲದವರ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸಿಎ-125 ಸೇರಿಸುವುದು ದುಡ್ಡಿನ ಜೊತೆ ನಿದ್ದೆಯನ್ನೂ ಕೆಡಿಸಬಹುದು.

ಚಿಕಿತ್ಸೆ ಶುರುವಾದ ಮೇಲೆ ಕಥೆ ಬೇರೆ. ಆಗ ಒಂದು ಸಂಖ್ಯೆಗಿಂತ ಅದು ಇಳಿಯುತ್ತಿದೆಯೇ, ಏರುತ್ತಿದೆಯೇ ಎಂಬುದು ಮುಖ್ಯ. ಕೀಮೋ ಕೆಲಸ ಮಾಡುತ್ತಿದೆಯೇ ಎಂದು ವೈದ್ಯರು ನೋಡುವುದು ಈ ಏರಿಳಿತದಿಂದಲೇ. ಆದ್ದರಿಂದ ಹಳೆಯ ವರದಿಗಳನ್ನು ಜೋಪಾನವಾಗಿಟ್ಟು, ಸಾಧ್ಯವಾದರೆ ಪ್ರತಿ ಬಾರಿಯೂ ಒಂದೇ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಿಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.