ನಾಲ್ಕು ಪವನಿನ ಆಟಿಕೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಮಕ್ಕಳ ಆಟಿಕೆಗೂ ಅನ್ವಯಿಸುತ್ತದೆ. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆ ನಮ್ಮ ಮನೆಗಳಿಗೆ ಬಂದ ಬಗೆಯನ್ನು ಗಮನಿಸಿದರೆ, ಅಲ್ಲಿ ತಂತ್ರಜ್ಞಾನಕ್ಕಿಂತ ಬೆಲೆಯ ಮಾತೇ ಹೆಚ್ಚು ನಡೆದದ್ದು ಕಾಣುತ್ತದೆ.

ಜಪಾನಿನ ಸೆಗಾ ಕಂಪನಿ 1994ರಲ್ಲಿ, ಮದ್ಯ ವ್ಯಾಪಾರಕ್ಕೆ ಹೆಸರಾಗಿದ್ದ ಶಾ ವ್ಯಾಲೇಸ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂತು. ಆಗ ಇಂಥ ಪೆಟ್ಟಿಗೆಗಳ ಮೇಲೆ ಶೇ. 80ರಷ್ಟು ಆಮದು ಸುಂಕವಿತ್ತು; ಅದರಿಂದ ಪಾರಾಗುವುದೇ ಈ ಒಪ್ಪಂದದ ಉದ್ದೇಶ. ಆದರೂ ‘ಮೆಗಾ ಡ್ರೈವ್’ ಪೆಟ್ಟಿಗೆಯ ಬೆಲೆ 18,000 ರೂಪಾಯಿ. ಆ ವರ್ಷ ಅಷ್ಟು ಹಣಕ್ಕೆ ನಾಲ್ಕು ಪವನಿಗೂ ಹೆಚ್ಚು ಚಿನ್ನ ಬರುತ್ತಿತ್ತು.

ಆಗಿನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಮಲ್ಪೆಯ ಒಬ್ಬ ಕಲಾಸಿಯ ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ತಿಂಗಳ ಸಂಬಳವಿಲ್ಲ. ಮೀನು ಮಾರಿ, ಖರ್ಚು ಕಳೆದ ಮೇಲೆ ಕೈಗೆ ಬರುವ ಪಾಲೇ ಆದಾಯ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿದರೆ ಅದೂ ಇಲ್ಲ. ಚಿನ್ನವಾದರೆ ಕಷ್ಟಕಾಲದಲ್ಲಿ ಅಡವಿಡಬಹುದು. ಆಟದ ಪೆಟ್ಟಿಗೆಯನ್ನು ಯಾವ ಬ್ಯಾಂಕು ಅಡವಿಟ್ಟುಕೊಳ್ಳುತ್ತದೆ?

ಹಾಗೆಂದು ನಮ್ಮ ಊರುಗಳ ಮಕ್ಕಳು ಆಡದೆ ಉಳಿಯಲಿಲ್ಲ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ 14,800 ಯೆನ್‌ಗೆ ಮಾರಾಟಕ್ಕಿಟ್ಟ ‘ಫ್ಯಾಮಿಕಾಮ್’ ಯಂತ್ರದ ಅಗ್ಗದ ನಕಲುಗಳು ತೊಂಬತ್ತರ ದಶಕದಲ್ಲಿ ದೇಶದ ಪೇಟೆಗಳನ್ನು ತುಂಬಿದವು. ಮೂಲ ಯಂತ್ರದ ಹಲವು ಬಿಡಿಭಾಗಗಳ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಅಡಕಮಾಡಿದ್ದರಿಂದ ಅವುಗಳ ತಯಾರಿಕಾ ವೆಚ್ಚ ಇಳಿದಿತ್ತು. ‘ಲಿಟಲ್ ಮಾಸ್ಟರ್’ನಂಥ ಹೆಸರುಗಳು ಮನೆಮಾತಾದವು. ಮಾರಿಯೋ, ಕಾಂಟ್ರಾ ಆಟಗಳನ್ನು ನಮ್ಮಲ್ಲಿ ಅನೇಕರು ಆಡಿದ್ದು ಈ ನಕಲುಗಳಲ್ಲೇ. ಅದೂ ಕೊಳ್ಳಲಾಗದವರಿಗೆ ಗಂಟೆಯ ಲೆಕ್ಕದಲ್ಲಿ ಆಡಿಸುವ ಅಂಗಡಿಗಳಿದ್ದವು. ಹೊರಗೆ ಹಳತಾಗುತ್ತಿದ್ದ ಯಂತ್ರ ಇಲ್ಲಿ ಬಹುಕಾಲ ಬಾಳಿದ್ದಕ್ಕೆ ಬೆಲೆಯೇ ಕಾರಣ.

ಬೆಲೆಯ ಈ ಬಲ ಬಡ ದೇಶಗಳಿಗಷ್ಟೇ ಸೀಮಿತವಲ್ಲ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಮೇಳವೊಂದರಲ್ಲಿ ಸೆಗಾ ತನ್ನ ಹೊಸ ‘ಸ್ಯಾಟರ್ನ್’ ಯಂತ್ರಕ್ಕೆ 399 ಡಾಲರ್ ಎಂದು ಸಾರಿತು. ಅದೇ ದಿನ ಸೋನಿ ತನ್ನ ‘ಪ್ಲೇಸ್ಟೇಷನ್’ಗೆ 299 ಡಾಲರ್ ಎಂದಿತು. ಬೆಲೆಯೊಂದೇ ಕಾರಣವಲ್ಲವಾದರೂ, ಆ ನೂರು ಡಾಲರಿನ ಅಂತರದಿಂದ ಸೆಗಾ ಚೇತರಿಸಿಕೊಳ್ಳಲಿಲ್ಲ. 2001ರಲ್ಲಿ ಅದು ಯಂತ್ರ ತಯಾರಿಕೆಯನ್ನೇ ಕೈಬಿಟ್ಟಿತು.

ಆದರೆ ಪೆಟ್ಟಿಗೆಯ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ. ಕಂಪನಿಗಳು ಎಷ್ಟೋ ಬಾರಿ ಯಂತ್ರವನ್ನು ನಷ್ಟಕ್ಕೆ ಮಾರಿ, ಆಟಗಳ ಮಾರಾಟದಿಂದ ಲಾಭ ಮಾಡುತ್ತವೆ. ಆಕಳು ಅಗ್ಗ, ಹಿಂಡಿ ದುಬಾರಿ ಎಂಬಂಥ ವ್ಯಾಪಾರ! ನಮ್ಮ ಗ್ರಾಹಕರು ಇದನ್ನು ಬೇಗ ಅರಿತರು. ನೂರಾರು ಆಟಗಳಿವೆ ಎಂದು ಬರೆದಿದ್ದ ಒಂದೇ ‘ಕ್ಯಾಸೆಟ್’ ಬೇಡಿಕೆಯ ವಸ್ತುವಾಯಿತು; ಒಳಗೆ ಕೆಲವೇ ಆಟಗಳು ಮರುಕಳಿಸುತ್ತಿದ್ದರೂ ಚಿಂತೆಯಿಲ್ಲ. ಗೆಳೆಯರಲ್ಲಿ ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳುವುದೂ ಇದೇ ಲೆಕ್ಕಾಚಾರದ ಫಲ.

ಸರಕು ಸೇವಾ ತೆರಿಗೆ 2019ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿದರೂ, 2021ರಲ್ಲಿ ಬಂದ ‘ಪ್ಲೇಸ್ಟೇಷನ್ 5’ರ ಬೆಲೆ 49,990 ರೂಪಾಯಿ ಇತ್ತು. ಈ ನಡುವೆ ಗೆದ್ದದ್ದು ಮೊಬೈಲ್ ಫೋನು. ಅದನ್ನು ಕೊಳ್ಳುವುದು ಮಾತಿಗೆ, ವ್ಯವಹಾರಕ್ಕೆ. ಆಟ ಪುಕ್ಕಟೆಯಾಗಿ ಸಿಗುತ್ತದೆ. 2016ರ ನಂತರ ಇಂಟರ್ನೆಟ್ ದರವೂ ಕುಸಿಯಿತು.

ಆದರೆ ಪುಕ್ಕಟೆ ಆಟದ ಒಳಗೂ ಅಂಗಡಿಯಿದೆ. ಅಲ್ಲಿ ಹೊಸ ವೇಷಕ್ಕೆ, ಹೊಸ ಆಯುಧಕ್ಕೆ ಚಿಲ್ಲರೆಯಾಗಿ ಹಣ ಹೋಗುತ್ತದೆ. 18,000 ರೂಪಾಯಿಯ ಪೆಟ್ಟಿಗೆಯ ಮುಂದೆ ನಿಂತ ಕುಟುಂಬಕ್ಕೆ ತನ್ನ ಹಾಸಿಗೆಯ ಉದ್ದ ತಿಳಿದಿತ್ತು. ಬೇಡವೆನ್ನಲು ಅವಕಾಶವೂ ಇತ್ತು. ಬೆಲೆಯ ಚೀಟಿಯೇ ಇಲ್ಲದ ಆಟದಲ್ಲಿ ಕಾಲು ಎಷ್ಟು ಚಾಚಿದೆ ಎಂಬುದು ತಿಂಗಳ ಕೊನೆಗಷ್ಟೇ ಗೊತ್ತಾಗುತ್ತದೆ.