ಘಾಟ್ ಏರುವಾಗ ಹಳೆಯ ಕಾರು ಮಿಸ್ಸಿಂಗ್ ಹೊಡೆಯುತ್ತಿದೆಯೇ? ಪಾರ್ಟ್ಸ್ ಬದಲಿಸುವ ಮುನ್ನ ಈ ಕ್ರಮದಲ್ಲಿ ಪರೀಕ್ಷಿಸಿ

ಶಿರಡಿ, ತ್ರ್ಯಂಬಕೇಶ್ವರ, ಘೃಷ್ಣೇಶ್ವರ, ಎಲ್ಲೋರಾ ಎಂದು ಕರ್ನಾಟಕದಿಂದ ಸ್ವಂತ ಕಾರಿನಲ್ಲೇ ಹೊರಡುವವರು ಸಾಕಷ್ಟಿದ್ದಾರೆ. ಹುಬ್ಬಳ್ಳಿ, ವಿಜಯಪುರದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರ, ಬೀಡ್ ದಾಟಿ ಛತ್ರಪತಿ ಸಂಭಾಜಿನಗರ ತಲುಪುತ್ತದೆ. ಅಲ್ಲಿಂದ ನಾಸಿಕ್ ಕೆಲವೇ ಗಂಟೆಗಳ ದಾರಿ. ಊರೊಳಗೆ ಸರಿಯಾಗಿಯೇ ಓಡುತ್ತಿದ್ದ 10–15 ವರ್ಷದ ಕಾರು ಇಂಥ ದೂರದ ಪ್ರಯಾಣದಲ್ಲಿ ಏಕಾಏಕಿ ಜರ್ಕ್ ಹೊಡೆಯುವುದು, ಪಿಕಪ್ ಕಳೆದುಕೊಳ್ಳುವುದು ಅಪರೂಪವೇನಲ್ಲ. ಚಾಳೀಸ್‌ಗಾಂವ್ ಕಡೆಯಿಂದ ಕನ್ನಡ್ ಪಟ್ಟಣಕ್ಕೆ ಏರುವ ಔಟ್ರಾಮ್ ಘಾಟ್ ಮತ್ತು ಮುಂಬೈ ಕಡೆಯಿಂದ ನಾಸಿಕ್‌ಗೆ ಏರುವ ಕಸಾರಾ ಘಾಟ್‌ನಲ್ಲಿ ಅಡಗಿದ್ದ ದೋಷ ಹೊರಬೀಳುತ್ತದೆ.

ಇಂಥ ಹೊತ್ತಿನಲ್ಲಿ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಖರ್ಚು ಬೆಳೆಯುತ್ತದೆ, ದೋಷ ಮಾತ್ರ ಉಳಿಯುತ್ತದೆ. ಅಗ್ಗದ ಪರೀಕ್ಷೆಯಿಂದ ಶುರು ಮಾಡಿ ದುಬಾರಿ ರಿಪೇರಿಯನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿಯಾದ ದಾರಿ.

ಮಿಸ್‌ಫೈರ್ ಎಂದರೇನು?

ಸಿಲಿಂಡರ್‌ನಲ್ಲಿ ಇಂಧನ ಸರಿಯಾದ ಸಮಯಕ್ಕೆ ಸರಿಯಾಗಿ ಉರಿಯದಿದ್ದರೆ ಅದೇ ಮಿಸ್‌ಫೈರ್. ಗ್ಯಾರೇಜ್ ಭಾಷೆಯಲ್ಲಿ ಇದು 'ಮಿಸ್ಸಿಂಗ್'. ಪೆಟ್ರೋಲ್ ಎಂಜಿನ್‌ಗೆ ಕಿಡಿ, ಗಾಳಿ, ಇಂಧನ ಮತ್ತು ಕಂಪ್ರೆಷನ್ ಈ ನಾಲ್ಕೂ ಬೇಕು. ಒಂದು ಕೈಕೊಟ್ಟರೂ ಶಕ್ತಿ ಕುಸಿಯುತ್ತದೆ. ಮಾರುತಿ 800ರಂಥ ಮೂರು ಸಿಲಿಂಡರ್ ಕಾರಿನಲ್ಲಿ ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಮೂರನೇ ಒಂದು ಭಾಗದಷ್ಟು ಶಕ್ತಿ ಹೋದಂತೆ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಪ್ಲಗ್‌ನ ಅಂತರವನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ದುರ್ಬಲ ಕಾಯಿಲ್ ಸೋಲುವುದು ಇಲ್ಲಿಯೇ. ಎತ್ತರದ ಪ್ರದೇಶ ಎಂದು ಗಾಳಿಯನ್ನು ದೂರುವಂತಿಲ್ಲ. ನಾಸಿಕ್ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ.

ಯಾವಾಗ ತೊಂದರೆ ಎಂಬುದೇ ಮೊದಲ ಸುಳಿವು

* ಐಡಲಿಂಗ್‌ನಲ್ಲಿ ನಡುಗಿ, ವೇಗ ಹೆಚ್ಚಿದಾಗ ಸರಿಹೋದರೆ: ವ್ಯಾಕ್ಯೂಮ್ ಪೈಪ್ ಸೀಳಿ ಗಾಳಿ ಸೋರುತ್ತಿರಬಹುದು.
* ಏರಿನಲ್ಲಿ ಮಾತ್ರ ಜರ್ಕ್ ಹೊಡೆದರೆ: ಪ್ಲಗ್, ಪ್ಲಗ್ ವೈರ್, ಇಗ್ನಿಷನ್ ಕಾಯಿಲ್ ನೋಡಿ.
* ಸಮೃದ್ಧಿ ಎಕ್ಸ್‌ಪ್ರೆಸ್‌ವೇಯಂಥ ರಸ್ತೆಯಲ್ಲಿ ಬಹಳ ಹೊತ್ತು ವೇಗವಾಗಿ ಓಡಿದ ಮೇಲೆ ಶಕ್ತಿ ನಿಧಾನವಾಗಿ ಇಳಿದರೆ: ಫ್ಯೂಯಲ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಪಂಪ್ ಸಾಕಷ್ಟು ಒತ್ತಡ ಕೊಡುತ್ತಿಲ್ಲ.
* ಎಂಜಿನ್ ಬಿಸಿಯಾದ ಮೇಲಷ್ಟೇ ಕೈಕೊಟ್ಟರೆ: ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ.
* ಸಿಎನ್‌ಜಿಯಲ್ಲಿ ಮಿಸ್ಸಿಂಗ್ ಇದ್ದು ಪೆಟ್ರೋಲ್‌ನಲ್ಲಿ ಇಲ್ಲದಿದ್ದರೆ: ಸಿಎನ್‌ಜಿ ಹೊತ್ತಿಸಲು ಇನ್ನೂ ಬಲವಾದ ಕಿಡಿ ಬೇಕು. ಮೊದಲು ಪ್ಲಗ್ ನೋಡಿ, ಬಳಿಕ ಗ್ಯಾಸ್ ಕಿಟ್.

ಪರೀಕ್ಷೆಯ ಕ್ರಮ

1. ಸ್ಕ್ಯಾನ್: ಭಾರತದಲ್ಲಿ ಎರಡನೇ ಹಂತದ ಒಬಿಡಿ ವ್ಯವಸ್ಥೆ ಬಿಎಸ್‌4 ಕಾರುಗಳಿಗೆ 2013ರಿಂದ ಬಂದಿದೆ. ಇಂಥ ಕಾರಿನಲ್ಲಿ ಸ್ಕ್ಯಾನರ್ ಹಾಕಿದರೆ ಕೋಡ್ ಸಿಗುತ್ತದೆ. ಪಿ0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ ಅನಿಯಮಿತ ಮಿಸ್‌ಫೈರ್. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಕೋಡ್ ದೋಷ ಇರುವ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ.

2. ಪ್ಲಗ್: ಎಂಜಿನ್ ತಣ್ಣಗಾದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲಿ ಇಂಧನ ಉರಿಯುತ್ತಲೇ ಇಲ್ಲ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಯಾದ ಶಾಖ.

3. ಕಾಯಿಲ್: ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕಾಯಿಲ್ ಇದ್ದರೆ ಅನುಮಾನದ ಕಾಯಿಲ್ ಅನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ ಓಡಿಸಿ. ಪಿ0301 ಇದ್ದದ್ದು ಪಿ0302 ಆದರೆ ತಪ್ಪು ಕಾಯಿಲ್‌ನದೇ. ಬದಲಾಗದಿದ್ದರೆ ಕಾಯಿಲ್‌ಗೆ ಹಣ ಹಾಕಬೇಡಿ. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಅನ್ನು ಬರಿಗೈಯಲ್ಲಿ ಎಳೆಯುವುದು ಅಪಾಯಕಾರಿ. ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತಿರುತ್ತದೆ.

4. ಗಾಳಿ ಮತ್ತು ಇಂಧನ: ಏರ್ ಫಿಲ್ಟರ್ ದೂಳು ಹಿಡಿದಿದೆಯೇ, ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದೆಯೇ ನೋಡಿ. ನಂತರ ಫ್ಯೂಯಲ್ ಫಿಲ್ಟರ್, ಪಂಪ್‌ನ ಒತ್ತಡ, ಇಂಜೆಕ್ಟರ್. ಕಾರ್ಬ್ಯುರೇಟರ್ ಕಾರಾದರೆ ಜೆಟ್ ಕಟ್ಟಿರುವುದು ಸಾಮಾನ್ಯ.

5. ಕಂಪ್ರೆಷನ್: ಮೇಲಿನದೆಲ್ಲ ಸರಿ ಇದ್ದರಷ್ಟೇ ಈ ಹಂತ. ಎಲ್ಲ ಸಿಲಿಂಡರ್‌ಗಳ ಅಳತೆ ಹೆಚ್ಚೂಕಡಿಮೆ ಸಮವಾಗಿರಬೇಕು. ಒಂದು ಬಹಳ ಕಡಿಮೆ ಇದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಳತೆ ಏರಿದರೆ ರಿಂಗ್ ಸವೆತ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಕೂಲಂಟ್ ಪದೇ ಪದೇ ಕಡಿಮೆಯಾಗಿ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆಯೇ ಅನುಮಾನ.

ಡೀಸೆಲ್ ಕಾರಿನ ಕಥೆ ಬೇರೆ

ಮಹೀಂದ್ರಾ ಬೊಲೆರೊ, ಸ್ಕಾರ್ಪಿಯೊ ತಯಾರಾದದ್ದು ನಾಸಿಕ್‌ನಲ್ಲಿ. ಸ್ಕೋಡಾ ಆಕ್ಟೇವಿಯಾ 2001ರಿಂದ ಸಂಭಾಜಿನಗರದ ಶೇಂದ್ರಾದಲ್ಲಿ ಜೋಡಣೆಯಾಯಿತು. ಇವುಗಳ ಹಳೆಯ ಡೀಸೆಲ್ ಮಾದರಿಗಳು ಕರ್ನಾಟಕದ ರಸ್ತೆಗಳಲ್ಲಿ ಇಂದಿಗೂ ಇವೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಶಕ್ತಿ ಕುಸಿದರೆ ಮೊದಲು ಡೀಸೆಲ್ ಫಿಲ್ಟರ್ ಮತ್ತು ಅದರಲ್ಲಿ ಸೇರಿದ ನೀರನ್ನು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಸುಯ್ ಎಂಬ ಸದ್ದು, ಜೊತೆಗೆ ಕಪ್ಪು ಹೊಗೆ ಬಂದರೆ ಟರ್ಬೊ ಪೈಪ್ ಸೀಳಿರಬಹುದು. ಇಜಿಆರ್ ವಾಲ್ವ್‌ನ ಮಸಿ, ಗಾಳಿ ಅಳೆಯುವ ಸೆನ್ಸರ್‌ನ ದೋಷ ನಂತರದ್ದು. ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಾನೇ ಮಿತಿಗೊಳಿಸುವುದೂ ಉಂಟು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಪಿಕಪ್ ಮರಳಿದರೆ ಸ್ಕ್ಯಾನ್ ಮಾಡಿಸಲೇಬೇಕು.

ಇ20 ಪೆಟ್ರೋಲ್ ಕಾರಣವೇ?

ಶೇ.20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕ್‌ನ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತರಬಲ್ಲದು. ಹಳೆಯ ಕಾರಿನ ರಬ್ಬರ್ ಪೈಪ್, ಸೀಲ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತಿಂಗಳುಗಟ್ಟಲೆ ನಿಲ್ಲಿಸಿದ್ದ ಕಾರನ್ನು ಅದೇ ಹಳೆಯ ಪೆಟ್ರೋಲ್‌ನಲ್ಲಿ ದೂರದ ಪ್ರಯಾಣಕ್ಕೆ ಒಯ್ಯಬೇಡಿ. ಆದರೆ ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಪೆಟ್ರೋಲ್ ಅನ್ನು ದೂರಿ ಫಲವಿಲ್ಲ. ಇಂಧನ ಎಲ್ಲ ಸಿಲಿಂಡರ್‌ಗೂ ಒಂದೇ.

ಈ ಲೈಟ್ ಮಿನುಗಿದರೆ ನಿಲ್ಲಿಸಿ

ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗುತ್ತಿದ್ದರೆ ಅದು ತೀವ್ರ ಮಿಸ್‌ಫೈರ್. ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರ ಒಳಭಾಗ ಕರಗಿ ಕಟ್ಟಿಕೊಂಡರೆ ಹೊಗೆ ಹೊರಹೋಗಲಾರದೆ ಎಂಜಿನ್ ಇನ್ನಷ್ಟು ಸೊರಗುತ್ತದೆ. ಕೆಲ ನೂರು ರೂಪಾಯಿಯ ಪ್ಲಗ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಹೀಗೆ.

ಘಾಟ್‌ನಲ್ಲಿ ಹೀಗಾದರೆ ಹಜಾರ್ಡ್ ಲೈಟ್ ಹಾಕಿ, ತಿರುವು ಬಿಟ್ಟು ಅಗಲವಾದ ಜಾಗದಲ್ಲಿ ಎಡಕ್ಕೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ. ಪರ ಊರಿನ ಮೆಕ್ಯಾನಿಕ್‌ಗೆ 'ಗಾಡಿ ಎಳೆಯುತ್ತಿಲ್ಲ' ಎಂದಷ್ಟೇ ಹೇಳಬೇಡಿ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಮತಟ್ಟಿನಲ್ಲೋ, ಯಾವ ವೇಗದಲ್ಲಿ, ಹೊಗೆಯ ಬಣ್ಣ ಯಾವುದು, ಪ್ಲಗ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು ಎಂಬುದನ್ನು ತಿಳಿಸಿ. ಬದಲಿಸಿದ ಹಳೆಯ ಪಾರ್ಟ್ ಅನ್ನು ಕೇಳಿ ಪಡೆದುಕೊಳ್ಳಿ.